ಭಾರಲೋಹವನ್ನು ಕಟ್ಟಿಹಾಕುವ ಇದ್ದಿಲು: ವೃಷಭಾವತಿ ಬಯಲಿಗೆ ಬಯೋಚಾರ್ ಎಷ್ಟು ನೆರವಾದೀತು?

ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿತೆಂದು ಬೆಂಗಳೂರಿನವರು ನಂಬುವ ವೃಷಭಾವತಿ, ಮೈಸೂರು ರಸ್ತೆಯ ಪಕ್ಕದಲ್ಲಿ ಹರಿದು, ಕೆಂಗೇರಿ ದಾಟಿ, ಬಿಡದಿ ಸಮೀಪದ ಬೈರಮಂಗಲ ಕೆರೆಯನ್ನು ತುಂಬಿ, ಅಲ್ಲಿಂದ ಮುಂದೆ ಅರ್ಕಾವತಿಯ ಮೂಲಕ ಕಾವೇರಿಯನ್ನು ಸೇರುತ್ತದೆ. ಆ ಕೆರೆಯನ್ನು 1940ರ ದಶಕದಲ್ಲಿ ನೀರಾವರಿಗಾಗಿ ಕಟ್ಟಿದ ಮೇಲೆ ಅದರ ಅಚ್ಚುಕಟ್ಟಿನ ರೈತರು ಭತ್ತ, ಕಬ್ಬು ಬೆಳೆದು ಬದುಕಿದರು. ನಗರ ಬೆಳೆಯುತ್ತಾ ಹೋದಂತೆ ನದಿಯಲ್ಲಿ ಹರಿಯುವ ನೀರಿನ ಸ್ವರೂಪವೇ ಬದಲಾಯಿತು. ಮನೆಗಳ ಕೊಳಚೆಯ ಜೊತೆಗೆ ಪೀಣ್ಯ, ರಾಜಾಜಿನಗರದ ಕಡೆಯ ಸಣ್ಣಪುಟ್ಟ ಕಾರ್ಖಾನೆಗಳ, ವಿಶೇಷವಾಗಿ ಲೋಹಕ್ಕೆ ಇನ್ನೊಂದು ಲೋಹದ ಲೇಪನ ಕೊಡುವ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳ ತ್ಯಾಜ್ಯವೂ ಅದಕ್ಕೆ ಸೇರಿತು. ವರ್ಷವಿಡೀ ಬತ್ತದ ಆ ನೀರನ್ನೇ ನೆಚ್ಚಿಕೊಂಡ ಹೊಲಗಳಲ್ಲಿ ಈಗ ಸೀಮೆಹುಲ್ಲು, ಬೇಬಿ ಕಾರ್ನ್, ಹಿಪ್ಪುನೇರಳೆ, ತೆಂಗು ಹೆಚ್ಚಾಗಿ ಕಾಣುತ್ತವೆ. ಈ ನೀರು, ಇದು ಹರಿದ ಮಣ್ಣು, ಆ ಮಣ್ಣಿನಲ್ಲಿ ಬೆಳೆದ ಸೊಪ್ಪುಗಳಲ್ಲಿ ಕ್ರೋಮಿಯಂ, ಸೀಸ, ಕ್ಯಾಡ್ಮಿಯಂ, ನಿಕಲ್, ಸತುಗಳನ್ನು ಹಲವು ಸಂಶೋಧಕರು ಮತ್ತೆ ಮತ್ತೆ ಅಳೆದಿದ್ದಾರೆ.

ಇಂತಹ ಮಣ್ಣಿಗೆ ಇತ್ತೀಚೆಗೆ ಪದೇ ಪದೇ ಸೂಚಿಸಲಾಗುತ್ತಿರುವ ಔಷಧಿ ಬಯೋಚಾರ್. ಕೃಷಿ ತ್ಯಾಜ್ಯವನ್ನು ಸುಟ್ಟು ಹೊಗೆ ಎಬ್ಬಿಸುವ ಬದಲು ಇದ್ದಿಲಾಗಿಸಿ ಮಣ್ಣಿಗೆ ಸೇರಿಸಿದರೆ ಫಲವತ್ತತೆ ಹೆಚ್ಚುತ್ತದೆ, ಇಂಗಾಲ ನೆಲದಲ್ಲಿ ಉಳಿಯುತ್ತದೆ, ಭಾರಲೋಹದ ಕಾಟವೂ ತಗ್ಗುತ್ತದೆ ಎಂಬುದು ಪ್ರಚಾರದ ಸಾರ. ಒಂದೇ ಮದ್ದಿಗೆ ಮೂರು ರೋಗ ವಾಸಿಯಾಗುತ್ತದೆಂದು ಯಾರಾದರೂ ಹೇಳಿದರೆ ಅನುಮಾನದಿಂದಲೇ ಕೇಳಿಸಿಕೊಳ್ಳುವುದು ರೈತರ ರೂಢಿ. ಇಲ್ಲಿ ಆ ಅನುಮಾನಕ್ಕೆ ಅರ್ಧ ಆಧಾರವಿದೆ. ಮೂರನೆಯ ಮಾತು ಸುಳ್ಳಲ್ಲ, ಆದರೆ ಅದಕ್ಕೆ ಅಂಟಿಕೊಂಡಿರುವ ಷರತ್ತುಗಳು ಪ್ರಚಾರದಲ್ಲಿ ಬಿಟ್ಟುಹೋಗಿವೆ.

ಮೊದಲನೆಯ ಷರತ್ತು ಭಾರಲೋಹದ ಗುಣದಲ್ಲೇ ಇದೆ. ಕೀಟನಾಶಕವೋ ಪೆಟ್ರೋಲಿಯಂ ಎಣ್ಣೆಯೋ ಮಣ್ಣಿಗೆ ಬಿದ್ದರೆ ಸೂಕ್ಷ್ಮಜೀವಿಗಳು ಅದನ್ನು ನಿಧಾನವಾಗಿಯಾದರೂ ಒಡೆದು ಮುಗಿಸಬಲ್ಲವು. ಸೀಸ, ಕ್ಯಾಡ್ಮಿಯಂಗಳು ಮೂಲವಸ್ತುಗಳು. ಅವನ್ನು ಒಡೆಯುವ ಜೀವಿಯೂ ಇಲ್ಲ, ಬೆಂಕಿಯೂ ಇಲ್ಲ. ಹೊಲಕ್ಕೆ ಬಂದ ಲೋಹ ಬೆಳೆಯ ಮೂಲಕವೋ, ಕೊಚ್ಚಿಹೋಗುವ ಮಣ್ಣಿನ ಮೂಲಕವೋ, ಅಂತರ್ಜಲಕ್ಕೆ ಇಳಿಯುವ ನೀರಿನ ಮೂಲಕವೋ ಹೊರಹೋಗಬೇಕೇ ಹೊರತು ಇದ್ದಲ್ಲಿಯೇ ಮಾಯವಾಗುವುದಿಲ್ಲ. ಆದ್ದರಿಂದ ಬಯೋಚಾರ್ ಮಣ್ಣನ್ನು ಶುದ್ಧಗೊಳಿಸುತ್ತದೆ ಎಂಬ ಮಾತು ಕಟ್ಟುನಿಟ್ಟಾಗಿ ನೋಡಿದರೆ ತಪ್ಪು. ಇದ್ದಿಲು ಹಾಕುವ ಮುಂಚೆ ಒಂದು ಕಿಲೋ ಮಣ್ಣಿನಲ್ಲಿ ಎಷ್ಟು ಮಿಲಿಗ್ರಾಂ ಕ್ಯಾಡ್ಮಿಯಂ ಇತ್ತೋ ಹಾಕಿದ ಮೇಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಬದಲಾಗುವುದು ಅದರಲ್ಲಿ ಎಷ್ಟು ಪಾಲು ಬೇರಿನ ಕೈಗೆ ಸಿಗುತ್ತದೆ ಎಂಬುದು.

ಈ ವ್ಯತ್ಯಾಸವನ್ನು ಬಿಡಿಸಿ ನೋಡಬೇಕು, ಏಕೆಂದರೆ ಇಡೀ ಚರ್ಚೆ ನಿಂತಿರುವುದು ಇದರ ಮೇಲೆ. ಮಣ್ಣಿನಲ್ಲಿರುವ ಲೋಹದ ಬಹುಪಾಲು ಖನಿಜಗಳ ಒಡಲಲ್ಲಿ, ಜೇಡಿಯ ಕಣಗಳ ಮೈಮೇಲೆ, ಕಬ್ಬಿಣ ಮತ್ತು ಮ್ಯಾಂಗನೀಸಿನ ಆಕ್ಸೈಡುಗಳಲ್ಲಿ, ಕೊಳೆತ ಸಾವಯವ ಪದಾರ್ಥದಲ್ಲಿ ಸಿಕ್ಕಿಕೊಂಡಿರುತ್ತದೆ. ಮಣ್ಣಿನ ಕಣಗಳ ನಡುವಿನ ತೇವದಲ್ಲಿ ಕರಗಿರುವ ಸಣ್ಣ ಪಾಲು ಮಾತ್ರ ಬೇರಿನೊಳಕ್ಕೆ ಹೋಗಬಲ್ಲದು. ಮಣ್ಣು ಆಮ್ಲೀಯವಾದಷ್ಟೂ ಆ ಪಾಲು ಹಿಗ್ಗುತ್ತದೆ, ರಸಸಾರ (ಆಮ್ಲ-ಕ್ಷಾರದ ಅಳತೆಯಾದ pH) ಏರಿದಷ್ಟೂ ಕುಗ್ಗುತ್ತದೆ. ಸೀಸ ಬಹುಮಟ್ಟಿಗೆ ಬೇರಿನಲ್ಲೇ ನಿಂತುಬಿಡುತ್ತದೆ. ಸೊಪ್ಪಿನ ಮೇಲೆ ಕಾಣಸಿಗುವ ಸೀಸದಲ್ಲಿ ಗಣನೀಯ ಭಾಗ ಧೂಳಾಗಿ, ಮಣ್ಣಿನ ಹನಿಯಾಗಿ ಅಂಟಿಕೊಂಡದ್ದು, ಹಾಗಾಗಿ ಚೆನ್ನಾಗಿ ತೊಳೆದರೆ ಅಷ್ಟಿಷ್ಟು ಹೋಗುತ್ತದೆ. ಕ್ಯಾಡ್ಮಿಯಂ ಹಾಗಲ್ಲ, ಅದು ಬೇರಿನಿಂದ ಎಲೆಗೂ ಕಾಳಿಗೂ ಸಲೀಸಾಗಿ ಸಾಗುತ್ತದೆ, ಎಷ್ಟು ತೊಳೆದರೂ ಹೋಗುವುದಿಲ್ಲ, ತಿಂದವರ ಮೂತ್ರಪಿಂಡದಲ್ಲಿ ಕುಳಿತರೆ ಅರ್ಧ ಖಾಲಿಯಾಗಲು 10ರಿಂದ 30 ವರ್ಷ ಬೇಕು. ಪಾಲಕ್, ದಂಟು, ಮೆಂತ್ಯದಂತಹ ಎಲೆ ತರಕಾರಿಗಳನ್ನೇ ಸಂಶೋಧಕರು ಮೊದಲು ಪರೀಕ್ಷೆಗೆ ಎತ್ತಿಕೊಳ್ಳುವುದು ಇದಕ್ಕೇ.

ಬಯೋಚಾರ್ ಕೆಲಸ ಮಾಡುವುದು ಈ ಕರಗಿದ ಪಾಲಿನ ಮೇಲೆ. ಒಣಗಿದ ಸಸ್ಯಪದಾರ್ಥವನ್ನು ಗಾಳಿಯಾಡದಂತೆ ಅಥವಾ ತೀರಾ ಕಡಿಮೆ ಗಾಳಿಯಲ್ಲಿ ಸುಮಾರು 300ರಿಂದ 700 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದಾಗ ಅನಿಲ ಮತ್ತು ಡಾಂಬರಿನಂಥ ದ್ರವ ಹೊರಟುಹೋಗಿ, ಇಂಗಾಲದ ರಂಧ್ರಮಯ ಎಲುಬುಗೂಡು ಉಳಿಯುತ್ತದೆ. ನಿಧಾನವಾಗಿ ಕಾಯಿಸಿದರೆ ಒಣ ತೂಕದ ನಾಲ್ಕನೇ ಒಂದು ಭಾಗದಿಂದ ಮೂರನೇ ಒಂದು ಭಾಗದಷ್ಟು ಕೈಗೆ ಸಿಗುತ್ತದೆ. ಹಳ್ಳಿಯ ಇದ್ದಿಲು ಭಟ್ಟಿಯಲ್ಲಿ ನಡೆಯುವುದೂ ಮೂಲತಃ ಇದೇ. ಒಲೆಗೆ ಹೋದರೆ ಅದು ಇದ್ದಿಲು, ಮಣ್ಣಿಗೆ ಹೋದರೆ ಬಯೋಚಾರ್. ಅಮೆಜಾನ್ ಕಾಡಿನ ಮೂಲನಿವಾಸಿಗಳು ಶತಮಾನಗಳ ಹಿಂದೆ ಇದ್ದಿಲು, ಮೂಳೆ, ತಿಪ್ಪೆಗಳನ್ನು ಸೇರಿಸಿ ಮಾಡಿಟ್ಟ ಕಪ್ಪು ಮಣ್ಣು ಇಂದಿಗೂ ಫಲವತ್ತಾಗಿರುವುದು ಈ ವಿಷಯದತ್ತ ವಿಜ್ಞಾನಿಗಳನ್ನು ಸೆಳೆದ ಮುಖ್ಯ ಸಂಗತಿ.

ಇದ್ದಿಲು ಲೋಹವನ್ನು ಹಿಡಿಯುವ ಬಗೆ ಒಂದೇ ಅಲ್ಲ. ಇದ್ದಿಲಿನ ಜೊತೆ ಉಳಿಯುವ ಬೂದಿಯಲ್ಲಿ ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಕಾರ್ಬೊನೇಟುಗಳಿರುವುದರಿಂದ ಅದು ಕ್ಷಾರೀಯ. ಆಮ್ಲೀಯ ಮಣ್ಣಿಗೆ ಸೇರಿದಾಗ ಸುಣ್ಣದಂತೆ ರಸಸಾರವನ್ನು ಏರಿಸಿ, ಕ್ಯಾಡ್ಮಿಯಂ, ಸತುಗಳನ್ನು ಕರಗದ ಲವಣಗಳಾಗಿ ಗರಣೆಗಟ್ಟಿಸುತ್ತದೆ. ಅದರ ಮೈಮೇಲಿರುವ ಆಮ್ಲಜನಕಯುಕ್ತ ಗುಂಪುಗಳು ಋಣ ವಿದ್ಯುದಂಶ ಹೊತ್ತು, ಧನ ಅಯಾನುಗಳಾಗಿರುವ ಲೋಹಗಳನ್ನು ಸೆಳೆದುಕೊಳ್ಳುತ್ತವೆ. ಸಗಣಿಯಿಂದಲೋ ಕೋಳಿ ಗೊಬ್ಬರದಿಂದಲೋ ಮಾಡಿದ ಇದ್ದಿಲಿನಲ್ಲಿ ರಂಜಕ ಹೇರಳವಾಗಿದ್ದು, ಅದು ಸೀಸದೊಂದಿಗೆ ಕೂಡಿ ಪೈರೋಮಾರ್ಫೈಟ್ ಎಂಬ, ಸುಲಭವಾಗಿ ಕರಗದ ಖನಿಜವಾಗುತ್ತದೆ. ಕ್ರೋಮಿಯಂ ವಿಷಯದಲ್ಲಿ ಇನ್ನೊಂದು ಅನುಕೂಲವಿದೆ: ಇದ್ದಿಲು ಎಲೆಕ್ಟ್ರಾನುಗಳನ್ನು ಒದಗಿಸಿ, ಹೆಚ್ಚು ವಿಷಕಾರಿಯೂ ನೀರಿನೊಡನೆ ಹರಿದಾಡುವುದೂ ಆದ ಆರು ವೇಲೆನ್ಸಿಯ ಕ್ರೋಮಿಯಂ ಅನ್ನು ಮೂರು ವೇಲೆನ್ಸಿಯ ಜಡ ರೂಪಕ್ಕೆ ಇಳಿಸಬಲ್ಲದು. ಕಾಯಿಸುವ ಉಷ್ಣತೆ ಹೆಚ್ಚಿದಂತೆ ರಂಧ್ರಗಳೂ ಕ್ಷಾರತೆಯೂ ಹೆಚ್ಚುತ್ತವೆ, ಆದರೆ ಲೋಹವನ್ನು ಸೆಳೆಯುವ ಆ ಗುಂಪುಗಳು ಸುಟ್ಟು ಕಡಿಮೆಯಾಗುತ್ತವೆ. ಹೀಗಾಗಿ ಒಳ್ಳೆಯ ಬಯೋಚಾರ್ ಯಾವುದು ಎಂಬ ಪ್ರಶ್ನೆಗೆ, ಯಾವ ಲೋಹಕ್ಕೆ, ಯಾವ ಮಣ್ಣಿಗೆ ಎಂದು ಮರುಪ್ರಶ್ನೆ ಹಾಕದೆ ಉತ್ತರಿಸಲಾಗದು.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಆರ್ಸೆನಿಕ್ ಇರುವಲ್ಲಿ. ಶಂಖಪಾಷಾಣದ ಮೂಲವಾದ ಈ ಧಾತು ಮಣ್ಣಿನಲ್ಲಿ ಸೀಸದಂತೆ ಧನ ಅಯಾನಾಗಿರದೆ ಋಣ ಅಯಾನಾಗಿ ಇರುತ್ತದೆ, ಆದ್ದರಿಂದ ಸೀಸವನ್ನು ಹಿಡಿಯುವ ಉಪಾಯವೇ ಇಲ್ಲಿ ತಿರುಗುಬಾಣವಾಗಬಹುದು. ರಸಸಾರ ಏರಿದಾಗ ಮಣ್ಣಿನ ಕಣಗಳು ಅದನ್ನು ಬಿಟ್ಟುಕೊಡುತ್ತವೆ, ಇದ್ದಿಲಿನ ರಂಜಕ ಅದರ ಜಾಗವನ್ನು ಕಸಿದುಕೊಳ್ಳುತ್ತದೆ. ಹಲವು ಲೋಹಗಳಿಂದ ಕೆಟ್ಟಿದ್ದ ಮಣ್ಣೊಂದಕ್ಕೆ ಗಟ್ಟಿಮರದ ಇದ್ದಿಲನ್ನೂ ಹಸಿರು ಕಸದ ಕಾಂಪೋಸ್ಟನ್ನೂ ಸೇರಿಸಿ ಬ್ರಿಟನ್ನಿನ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕ್ಯಾಡ್ಮಿಯಂ ಮತ್ತು ಸತು ಮಣ್ಣಿನ ನೀರಿನಲ್ಲಿ ಗಣನೀಯವಾಗಿ ಇಳಿದರೆ, ಅದೇ ಮಡಿಕೆಗಳಲ್ಲಿ ತಾಮ್ರ ಮತ್ತು ಆರ್ಸೆನಿಕ್ 30 ಪಟ್ಟಿಗೂ ಮೀರಿ ಏರಿದವು. ಕರ್ನಾಟಕಕ್ಕೆ ಇದು ದೂರದ ಸಂಗತಿಯಲ್ಲ. ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಚಿನ್ನದ ಅದಿರಿರುವ ಶಿಲಾಪಟ್ಟಿಯಿಂದ ಅಂತರ್ಜಲಕ್ಕೆ ಇಳಿದ ಆರ್ಸೆನಿಕ್ ಜನರ ಚರ್ಮದ ಮೇಲೆ ಗಂಟುಗಳಾಗಿ ಕಾಣಿಸಿಕೊಂಡದ್ದು ದಾಖಲಾಗಿದೆ. ಆ ಬಗೆಯ ನೀರು ಉಂಡ ಹೊಲಕ್ಕೆ, ಬೆಂಗಳೂರಿನ ಹೊಲಕ್ಕೆ ಒಪ್ಪಿದ ಇದ್ದಿಲನ್ನೇ ಕಣ್ಣುಮುಚ್ಚಿ ಸುರಿದರೆ ಕೇಡು ಹೆಚ್ಚಾದೀತು. ಕಬ್ಬಿಣದ ಲವಣಗಳಲ್ಲಿ ನೆನೆಸಿ ಮಾರ್ಪಡಿಸಿದ ಬಯೋಚಾರ್ ಆರ್ಸೆನಿಕ್ ಅನ್ನು ಹಿಡಿಯುತ್ತದೆ, ಆದರೆ ಅದರ ಬೆಲೆಯೂ ತಯಾರಿಯೂ ಬೇರೆ ಮಟ್ಟದ್ದು.

ಪ್ರಯೋಗಾಲಯದ ಮಡಿಕೆಯಿಂದ ನಿಜವಾದ ಗದ್ದೆಗೆ ಬಂದರೆ, ನಮಗೆ ಹೆಚ್ಚು ಕಲಿಸಬಲ್ಲ ದೇಶ ಚೀನಾ. ಅಲ್ಲಿನ ಸರ್ಕಾರ 2014ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಮಣ್ಣಿನ ಸಮೀಕ್ಷೆ, ಪರೀಕ್ಷಿಸಿದ ಕೃಷಿಭೂಮಿಯ ತಾಣಗಳಲ್ಲಿ ಶೇ 19.4ರಷ್ಟು ಮಿತಿ ಮೀರಿ ಮಲಿನವಾಗಿವೆ ಎಂದು ಒಪ್ಪಿಕೊಂಡಿತು; ಅಪರಾಧಿಗಳ ಪಟ್ಟಿಯ ತುದಿಯಲ್ಲಿದ್ದದ್ದು ಕ್ಯಾಡ್ಮಿಯಂ. ಅಷ್ಟು ನೆಲವನ್ನು ಪಾಳು ಬಿಡುವಂತಿಲ್ಲದ ಕಾರಣ, ಬೆಳೆ ಬೆಳೆಯುತ್ತಲೇ ಲೋಹವನ್ನು ತಡೆಯುವ ದಾರಿಗಳ ಹುಡುಕಾಟ ಅನಿವಾರ್ಯವಾಯಿತು. ನಾನ್‌ಜಿಂಗ್ ಕೃಷಿ ವಿಶ್ವವಿದ್ಯಾಲಯದ ತಂಡ ಜಿಯಾಂಗ್ಸು ಪ್ರಾಂತ್ಯದ, ಕ್ಯಾಡ್ಮಿಯಂ ಮತ್ತು ಸೀಸ ಸೇರಿದ್ದ ಭತ್ತದ ಗದ್ದೆಯೊಂದಕ್ಕೆ ಗೋಧಿ ಹುಲ್ಲಿನ ಬಯೋಚಾರನ್ನು ಹೆಕ್ಟೇರಿಗೆ 10, 20, 40 ಟನ್‌ಗಳಂತೆ ಒಮ್ಮೆ ಮಾತ್ರ ಹಾಕಿ, ಮೂರು ವರ್ಷ ಬೆಳೆಯನ್ನು ಹಿಂಬಾಲಿಸಿತು. ಕರಗಿದ ಕ್ಯಾಡ್ಮಿಯಂ ಮಣ್ಣಿನಲ್ಲಿ ಇಳಿಯಿತು, ಅಕ್ಕಿಯಲ್ಲೂ ಇಳಿಯಿತು, ಆ ಪರಿಣಾಮ ಮೂರೂ ವರ್ಷ ಉಳಿಯಿತು. 2014ರಲ್ಲಿ ಪ್ರಕಟವಾದ ಈ ಫಲಿತಾಂಶ ಬಯೋಚಾರ್ ಪರವಾದ ವಾದಕ್ಕೆ ಸಿಕ್ಕ ಗಟ್ಟಿ ಸಾಕ್ಷಿಗಳಲ್ಲಿ ಒಂದು.

ಆದರೆ ಕಡಿಮೆಯಾಗುವುದು ಬೇರೆ, ಮಿತಿಯೊಳಗೆ ಬರುವುದು ಬೇರೆ. ಅಕ್ಕಿಯಲ್ಲಿ ಕ್ಯಾಡ್ಮಿಯಂಗೆ ಚೀನಾ ಹಾಕಿರುವ ಮಿತಿ ಕಿಲೋಗೆ 0.2 ಮಿಲಿಗ್ರಾಂ, ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್‌ನ ಮಿತಿ 0.4. ಒಂದು ಗದ್ದೆಯ ಅಕ್ಕಿಯಲ್ಲಿ 1 ಮಿಲಿಗ್ರಾಂ ಇದ್ದು, ಬಯೋಚಾರ್ ಅದನ್ನು ಅರ್ಧಕ್ಕೆ ಇಳಿಸಿತು ಎಂದುಕೊಳ್ಳಿ. ಪ್ರಬಂಧದಲ್ಲಿ ಅದು ಶೇ 50ರ ಯಶಸ್ಸು, ಊಟದ ತಟ್ಟೆಯಲ್ಲಿ ಎರಡೂ ಮಿತಿಗಳನ್ನು ಮೀರಿದ ಅನ್ನ. ಸಾಧಾರಣ ಮಾಲಿನ್ಯವಿರುವ ನೆಲಕ್ಕೆ ಒದಗುವ ಈ ಉಪಾಯ ವಿಪರೀತ ಕೆಟ್ಟ ನೆಲಕ್ಕೆ ಸಾಲದು. ಅಲ್ಲಿ ತಿನ್ನುವ ಬೆಳೆಯನ್ನೇ ಕೈಬಿಟ್ಟು ಮರ, ಹೂವು, ನಾರಿನ ಬೆಳೆಗಳತ್ತ ಹೊರಳುವುದು ಹೆಚ್ಚು ಪ್ರಾಮಾಣಿಕ ಸಲಹೆ. ಸೀಮೆಹುಲ್ಲು ಬೆಳೆದರೆ ತೊಂದರೆಯಿಲ್ಲ ಎಂಬ ಸಮಾಧಾನವನ್ನೂ ಒಪ್ಪಲಾಗದು, ಏಕೆಂದರೆ ಹಸು ತಿಂದದ್ದು ಅಲ್ಲಿಗೇ ನಿಲ್ಲುವುದಿಲ್ಲ, ಅದರ ಸಗಣಿ ಮತ್ತೆ ಹೊಲಕ್ಕೇ ಬರುತ್ತದೆ.

ಈಗ ಲೆಕ್ಕಕ್ಕೆ ಬರೋಣ; ಉತ್ಸಾಹದ ಬರಹಗಳು ಸಾಮಾನ್ಯವಾಗಿ ಜಾರಿಕೊಳ್ಳುವ ಜಾಗ ಇದು. ಒಂದು ಎಕರೆಯ ಮೇಲ್ಮಣ್ಣು 15 ಸೆಂಟಿಮೀಟರ್ ಆಳದವರೆಗೆ ಸುಮಾರು 800 ಟನ್ ತೂಗುತ್ತದೆ. ಪ್ರಯೋಗಗಳಲ್ಲಿ ಮಣ್ಣಿನ ತೂಕದ ಶೇ 1ರಿಂದ 5ರಷ್ಟು ಬಯೋಚಾರ್ ಬಳಸುವುದು ವಾಡಿಕೆ. ಕನಿಷ್ಠ ಶೇ 1 ಎಂದರೂ ಎಕರೆಗೆ 8 ಟನ್ ಬೇಕು, ಅಷ್ಟು ಇದ್ದಿಲಿಗೆ ಸುಮಾರು 27 ಟನ್ ಒಣ ಪದಾರ್ಥ ಬೇಕು. ಎಕರೆಗೆ ಎರಡೂವರೆ ಟನ್ ಭತ್ತದ ಹುಲ್ಲು ಸಿಕ್ಕಿದರೆ ಒಂದು ಎಕರೆಯ ಚಿಕಿತ್ಸೆಗೆ ಹತ್ತು ಎಕರೆಗೂ ಮೀರಿದ ಹುಲ್ಲು ಹೋಗುತ್ತದೆ. ಬಯೋಚಾರ್ ಕಿಲೋಗೆ 15 ರೂಪಾಯಿ ಎಂದು ಭಾವಿಸಿದರೂ ಎಕರೆಗೆ 1.2 ಲಕ್ಷ ರೂಪಾಯಿ, ಸಾಗಾಣಿಕೆ ಮತ್ತು ಉಳುಮೆಯ ಕೂಲಿ ಬೇರೆ. ಬೇಬಿ ಕಾರ್ನ್ ಮಾರಿ ಬದುಕುವ ರೈತ ಈ ವೆಚ್ಚವನ್ನು ತಾನಾಗಿ ಹೊರಲಿ ಎಂದು ನಿರೀಕ್ಷಿಸುವುದು ಅನ್ಯಾಯ, ನೀರನ್ನು ಕೆಡಿಸಿದ್ದು ಆತನಲ್ಲ.

ಕಚ್ಚಾವಸ್ತುವಿನ ವಿಚಾರದಲ್ಲಿ ಪಂಜಾಬಿನ ಮಾತನ್ನು ಇಲ್ಲಿಗೆ ತಂದು ಅಂಟಿಸುವಂತೆಯೂ ಇಲ್ಲ. ಅಲ್ಲಿ ಭತ್ತದ ಕೂಳೆ ಸುಡುವುದು ಸಮಸ್ಯೆ. ನಮ್ಮಲ್ಲಿ ಭತ್ತದ ಹುಲ್ಲು, ರಾಗಿ ಹುಲ್ಲು, ಜೋಳದ ಸೊಪ್ಪೆ ಎಂದರೆ ಬೇಸಿಗೆಯಲ್ಲಿ ದನಕರುಗಳ ಜೀವ, ಬಣವೆಯೊಟ್ಟಿ ಕಾಯುವ ಆಸ್ತಿ. ಅದನ್ನು ಇದ್ದಿಲು ಮಾಡೆಂದರೆ ಯಾವ ರೈತನೂ ಕೇಳಲಾರ, ಕೇಳಬೇಕಾಗಿಯೂ ಇಲ್ಲ. ದನ ತಿನ್ನದ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ತೆಂಗಿನ ಕರಟ, ಕಾಫಿ ಸಿಪ್ಪೆ, ಅಡಿಕೆ ಸಿಪ್ಪೆ, ಕಾಡಿನಂಚನ್ನು ನುಂಗುತ್ತಿರುವ ಲಂಟಾನ ಇವೇ ಇಲ್ಲಿನ ಸಹಜ ಆಯ್ಕೆ. ತೊಂದರೆಯೆಂದರೆ ತೊಗರಿ ಕಟ್ಟಿಗೆ ಇರುವುದು ಕಲಬುರಗಿಯಲ್ಲಿ, ಕಾಫಿ ಸಿಪ್ಪೆ ಕೊಡಗು-ಚಿಕ್ಕಮಗಳೂರಿನಲ್ಲಿ, ಕೆಟ್ಟ ಮಣ್ಣು ಬಿಡದಿಯಲ್ಲಿ. ಇನ್ನು ನಗರದ ಒಳಚರಂಡಿಯ ಕೆಸರನ್ನೇ ಇದ್ದಿಲಾಗಿಸುವ ಸಲಹೆ ಕೇಳಲು ಚೆನ್ನಾಗಿದೆ, ಆದರೆ ಕಾಯಿಸಿದಾಗ ಕೆಸರಿನ ತೂಕ ಇಳಿದು ಅದರೊಳಗಿನ ಸೀಸ, ಸತು, ಕ್ರೋಮಿಯಂ ಹಾಗೆಯೇ ಉಳಿಯುವುದರಿಂದ ಅವು ಮೊದಲಿಗಿಂತ ಸಾಂದ್ರವಾಗುತ್ತವೆ. ಅಂತರರಾಷ್ಟ್ರೀಯ ಬಯೋಚಾರ್ ಮಾನದಂಡಗಳು ಇದ್ದಿಲಿನಲ್ಲಿಯೇ ಇರುವ ಭಾರಲೋಹಕ್ಕೂ, ಸರಿಯಾಗಿ ಸುಡದಾಗ ಉಳಿಯುವ ಕ್ಯಾನ್ಸರ್‌ಕಾರಕ ಆರೊಮ್ಯಾಟಿಕ್ ಹೈಡ್ರೋಕಾರ್ಬನ್ನುಗಳಿಗೂ ಮಿತಿ ಹಾಕಿರುವುದು ಸುಮ್ಮನೆ ಅಲ್ಲ.

ಮಾರುಕಟ್ಟೆಯ ಒತ್ತಡ ಇನ್ನೊಂದು ದಿಕ್ಕಿನಿಂದಲೂ ಬರುತ್ತಿದೆ. 2025ರ ಜನವರಿಯಲ್ಲಿ ಗೂಗಲ್ ಸಂಸ್ಥೆ ಭಾರತದ ವರಾಹ ಕಂಪನಿಯಿಂದ 2030ರ ವೇಳೆಗೆ 1 ಲಕ್ಷ ಟನ್ ಇಂಗಾಲ ಕ್ರೆಡಿಟ್‌ಗಳನ್ನು (ಇಂಗಾಲವನ್ನು ಗಾಳಿಗೆ ಸೇರದಂತೆ ಹಿಡಿದಿಟ್ಟದ್ದಕ್ಕೆ ಸಿಗುವ, ಮಾರಬಹುದಾದ ಪ್ರಮಾಣಪತ್ರಗಳನ್ನು) ಬಯೋಚಾರ್ ಆಧಾರದ ಮೇಲೆ ಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಅದಕ್ಕೆ ಬಳಸುವ ಗಿಡಗಳಲ್ಲಿ ಗುಜರಾತಿನಲ್ಲಿ ಹಬ್ಬಿರುವ, ನಾವು ಬಳ್ಳಾರಿ ಜಾಲಿ ಎಂದು ಕರೆಯುವ ಪ್ರಾಸೊಪಿಸ್ ಕೂಡ ಇದೆ. ಇದರಿಂದ ಇದ್ದಿಲಿನ ವೆಚ್ಚದ ಒಂದು ಭಾಗವನ್ನು ಬೇರೆಯವರು ಭರಿಸುವ ಸಾಧ್ಯತೆ ತೆರೆದಿದೆ, ಅದು ಒಳ್ಳೆಯದೇ. ಆದರೆ ಇಂಗಾಲದ ವ್ಯಾಪಾರ ಎಣಿಸುವುದು ಎಷ್ಟು ಟನ್ ಇದ್ದಿಲು ನೆಲಕ್ಕೆ ಸೇರಿತು ಎಂಬುದನ್ನು. ಆ ನೆಲದಲ್ಲಿ ಸೀಸವಿತ್ತೋ ಆರ್ಸೆನಿಕ್ ಇತ್ತೋ ಎಂಬುದು ಅದರ ಲೆಕ್ಕಪುಸ್ತಕದಲ್ಲಿ ಬರುವುದಿಲ್ಲ.

ಆ ಲೆಕ್ಕ ಇಡಬೇಕಾದ ಸರ್ಕಾರಿ ವ್ಯವಸ್ಥೆಯಲ್ಲೂ ದೊಡ್ಡ ಕಂಡಿಯಿದೆ. 2015ರಿಂದ ರೈತರಿಗೆ ಕೊಡಲಾಗುತ್ತಿರುವ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳಿವೆ: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ರಸಸಾರ, ಲವಣಾಂಶ, ಸಾವಯವ ಇಂಗಾಲ. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ಆರ್ಸೆನಿಕ್ ಒಂದೂ ಇಲ್ಲ. ಬೈರಮಂಗಲದ ಅಚ್ಚುಕಟ್ಟಿನ ರೈತನೊಬ್ಬನ ಚೀಟಿಯಲ್ಲಿ ಸತು ಹೇರಳ, ತಾಮ್ರ ಹೇರಳ ಎಂದು ಬಂದರೆ, ಆ ಚೀಟಿಯ ಭಾಷೆಯಲ್ಲಿ ಅದು ಪೋಷಕಾಂಶ ಚೆನ್ನಾಗಿದೆ ಎಂಬ ಶುಭವಾರ್ತೆ. ಕೇಂದ್ರ ಪರಿಸರ ಸಚಿವಾಲಯ 2025ರ ಜುಲೈನಲ್ಲಿ ಮಲಿನ ತಾಣಗಳ ನಿರ್ವಹಣೆಗೆಂದೇ ಪ್ರತ್ಯೇಕ ನಿಯಮಗಳನ್ನು ತಂದಿದೆ. ಶಂಕಿತ ತಾಣಗಳನ್ನು ಜಿಲ್ಲಾಡಳಿತ ಗುರುತಿಸಬೇಕು, ಮಾಲಿನ್ಯ ನಿಯಂತ್ರಣ ಮಂಡಳಿ ಪರಿಶೀಲಿಸಬೇಕು, ಕೆಡಿಸಿದವರೇ ಶುದ್ಧೀಕರಣದ ವೆಚ್ಚ ಭರಿಸಬೇಕು ಎಂಬುದು ಅದರ ಚೌಕಟ್ಟು. ಒಂದೇ ಕಾರ್ಖಾನೆಯ ಹಿತ್ತಲಲ್ಲಿ ತ್ಯಾಜ್ಯ ಸುರಿದ ಪ್ರಕರಣಕ್ಕೆ ಇದು ಹೊಂದುತ್ತದೆ. ನೂರಾರು ಘಟಕಗಳು ಒಂದೇ ನದಿಗೆ ಬಿಟ್ಟ ನೀರು ಸಾವಿರಾರು ಎಕರೆಯಲ್ಲಿ ತೆಳ್ಳಗೆ ಹರಡಿಕೊಂಡಿರುವಾಗ ಬಿಲ್ಲನ್ನು ಯಾರ ಹೆಸರಿಗೆ ಬರೆಯುವುದು ಎಂಬ ಪ್ರಶ್ನೆಗೆ ಅದರಿಂದ ಸುಲಭದ ಉತ್ತರ ಸಿಗುವುದಿಲ್ಲ.

ಅಳತೆಯ ಗೊಂದಲವೂ ಇದಕ್ಕೆ ಸೇರುತ್ತದೆ. ಮಣ್ಣಿನಲ್ಲಿರುವ ಒಟ್ಟು ಲೋಹವನ್ನು ಅಳೆದರೆ ಬಯೋಚಾರ್ ಹಾಕಿದ ಹೊಲ ಎಂದೆಂದಿಗೂ ನಪಾಸು. ಬೇರಿಗೆ ಸಿಗುವ ಪಾಲನ್ನು ಮಾತ್ರ ಅಳೆದರೆ ಇಂದು ಪಾಸಾದ ಹೊಲ ಹತ್ತು ವರ್ಷದ ಮೇಲೆ ಏನಾಗುತ್ತದೋ ಯಾರೂ ಹೊಣೆ ಹೊರುವುದಿಲ್ಲ. ಯೂರಿಯಾ, ಅಮೋನಿಯಂ ಗೊಬ್ಬರಗಳ ಸತತ ಬಳಕೆ ಮಣ್ಣನ್ನು ಮತ್ತೆ ಆಮ್ಲೀಯವಾಗಿಸುತ್ತಾ ಹೋಗುತ್ತದೆ, ಇದ್ದಿಲಿನ ಬೂದಿಯ ಕ್ಷಾರ ಮಳೆಯಲ್ಲಿ ತೊಳೆದುಹೋಗುತ್ತದೆ, ಕಟ್ಟಿಹಾಕಿದ ಲೋಹದ ಒಂದಂಶ ಬಿಡಿಸಿಕೊಳ್ಳುತ್ತದೆ. ಆದ್ದರಿಂದ ಕೊನೆಯ ಪರೀಕ್ಷೆ ನಡೆಯಬೇಕಾದದ್ದು ಬೆಳೆಯಲ್ಲಿ, ಕಾಳಿನಲ್ಲಿ, ಸೊಪ್ಪಿನಲ್ಲಿ, ಅದೂ ವರ್ಷ ವರ್ಷ. ಇದೇ ಕಾರಣಕ್ಕೆ ಸುಣ್ಣವನ್ನು ಹೋಲಿಕೆಗೆ ಇಟ್ಟುಕೊಳ್ಳದ ಯಾವ ಬಯೋಚಾರ್ ಪ್ರಯೋಗವನ್ನೂ ನಾನು ಪೂರ್ಣ ನಂಬಲಾರೆ. ಮಲೆನಾಡಿನ ಹುಳಿ ಮಣ್ಣಿನಲ್ಲಿ ರಸಸಾರ ಏರಿಸುವುದಷ್ಟೇ ಉದ್ದೇಶವಾದರೆ ಸುಣ್ಣ ಬಹಳ ಅಗ್ಗ. ಉತ್ತರ ಕರ್ನಾಟಕದ ಸುಣ್ಣಕಲ್ಲು ಬೆರೆತ ಎರೆಭೂಮಿ ಈಗಾಗಲೇ ಕ್ಷಾರೀಯ; ಅಲ್ಲಿ ಇದ್ದಿಲಿನ ಬೂದಿಯಿಂದ ಹೆಚ್ಚುವರಿ ಲಾಭ ಕಡಿಮೆ. ಬಯೋಚಾರ್ ತನ್ನ ಬೆಲೆಯನ್ನು ಸಮರ್ಥಿಸಿಕೊಳ್ಳಬಲ್ಲದ್ದು ಸಾವಯವ ಪದಾರ್ಥ ಬರಿದಾದ, ನೀರು ಹಿಡಿಯದ ಕೆಂಪು ಮರಳು ಮಣ್ಣಿನಲ್ಲಿ. ಬೆಂಗಳೂರಿನ ಸುತ್ತಲಿನ ನೆಲದಲ್ಲಿ ಬಹುಪಾಲು ಕೆಂಪು ಮಣ್ಣು ಎಂಬುದು ಅದರ ಪರವಾದ ವಾದಗಳಲ್ಲಿ ನನಗೆ ಹೆಚ್ಚು ಸರಿ ಎನ್ನಿಸುವುದು. ಒಮ್ಮೆಲೇ ಸಾವಿರಾರು ಎಕರೆಗೆ ಯೋಜನೆ ಘೋಷಿಸುವ ಬದಲು ಅಚ್ಚುಕಟ್ಟಿನ ಬೇರೆ ಬೇರೆ ಕಡೆ ಕೆಲವು ಗುಂಟೆಗಳಲ್ಲಿ ಬಯೋಚಾರ್, ಸುಣ್ಣ, ಕೊಟ್ಟಿಗೆ ಗೊಬ್ಬರ, ಏನೂ ಹಾಕದ ಪಾತಿ ಎಂದು ಅಕ್ಕಪಕ್ಕ ಇಟ್ಟು ಐದಾರು ವರ್ಷ ನೋಡುವುದು ನಿಧಾನದ ಕೆಲಸವಾದರೂ ತಪ್ಪಿಸಲಾಗದ ಕೆಲಸ.

ಅಷ್ಟನ್ನೂ ಮಾಡಿ ನದಿಯಲ್ಲಿ ಅದೇ ನೀರು ಹರಿಯುತ್ತಿದ್ದರೆ ಪ್ರತಿ ನೀರಾವರಿಯ ಜೊತೆ ಹೊಸ ಲೋಹ ಬಂದು ಬೀಳುತ್ತದೆ, ಇದ್ದಿಲಿನ ಹಿಡಿತಕ್ಕೂ ಒಂದು ಮಿತಿಯಿದೆ. ಮನೆಗಳ ಕೊಳಚೆಯನ್ನು ಶುದ್ಧೀಕರಿಸುವ ಘಟಕಗಳನ್ನು ಕಟ್ಟಿರುವುದು ಸಾವಯವ ಹೊಲಸನ್ನು ತೆಗೆಯಲು. ಲೋಹವನ್ನು ತಡೆಯಬೇಕಾದದ್ದು ಕಾರ್ಖಾನೆಯ ಬಾಗಿಲಲ್ಲೇ. ಜಪಾನಿನ ಟೊಯಾಮಾ ಪ್ರಾಂತ್ಯದ ಜಿಂಜು ನದಿಯ ರೈತರು ಈ ಕ್ರಮವನ್ನು ನೋವಿನಿಂದ ಕಲಿತರು. ಕಾಮಿಯೋಕಾ ಗಣಿಯ ಕ್ಯಾಡ್ಮಿಯಂ ಅವರ ಗದ್ದೆಗಳಿಗೆ ಇಳಿದು, ಮೂಳೆಗಳು ಮುರಿಯುವ ಇಟಾಯ್-ಇಟಾಯ್ ರೋಗ ಹರಡಿ, 1968ರಲ್ಲಿ ಸರ್ಕಾರ ಅದನ್ನು ಮಾಲಿನ್ಯದ ರೋಗವೆಂದು ಒಪ್ಪಿಕೊಂಡಿತು. ಸುಮಾರು 860 ಹೆಕ್ಟೇರ್ ಗದ್ದೆಯ ಮೇಲೆ ಹೊಸ ಮಣ್ಣು ಹೊದಿಸುವ ಕೆಲಸ ಮೂರು ದಶಕ ಹಿಡಿದು, 4,000 ಕೋಟಿ ಯೆನ್‌ಗೂ ಹೆಚ್ಚು ಹಣ ನುಂಗಿ, 2012ರಲ್ಲಿ ಮುಗಿಯಿತು. ಆದರೆ ಮಣ್ಣಿಗೆ ಕೈ ಹಾಕುವುದಕ್ಕೂ ಮೊದಲೇ, ಗಣಿ ಕಂಪನಿಯ ಮೇಲೆ ಹೂಡಿದ್ದ ಮೊಕದ್ದಮೆಯನ್ನು 1972ರಲ್ಲಿ ಮೇಲ್ಮನವಿಯಲ್ಲೂ ಗೆದ್ದಾಗ, ರೈತರು ಪರಿಹಾರದ ಹಣದ ಜೊತೆಗೆ ಆ ಕಂಪನಿಯಿಂದ ಇನ್ನೊಂದು ಕಾಗದಕ್ಕೂ ಸಹಿ ಹಾಕಿಸಿಕೊಂಡಿದ್ದರು: ಬೇಕೆನಿಸಿದಾಗ ಗಣಿಯೊಳಗೆ ಹೋಗಿ, ತಮಗೆ ಬೇಕಾದ ತಜ್ಞರನ್ನು ಕರೆದೊಯ್ದು, ಕಂಪನಿಯ ಖರ್ಚಿನಲ್ಲೇ ಹೊರಬೀಳುವ ನೀರನ್ನು ಪರೀಕ್ಷಿಸುವ ಹಕ್ಕು. ಅಂದಿನಿಂದ ಪ್ರತಿವರ್ಷ ಅವರು ಆ ಗಣಿಯೊಳಗೆ ಹೋಗಿ ಪರೀಕ್ಷೆ ನಡೆಸುತ್ತಾ ಬಂದಿದ್ದಾರೆ.